ಎರಡನೆಯ ಗುಂಡು

ಮೇ ತಿಂಗಳ ಕೊನೆಯ ಭಾನುವಾರ, ತಾಯಿಯ ಸಮಾಧಿಗೆ ಹೂವಿಡಲು ಹೊರಟಿದ್ದ ವರ್ಜಿಲ್ ಸೈಜ್‌ಮೋರ್‌ನನ್ನು ಗ್ಯಾಸ್ ಪೈಪಿನ ಕಂಪನಿಯ ಕಾವಲುಗಾರ ಟೇಟ್ ಬ್ರಾನಕ್ ಆ ದಾರಿಗೆ ಅಡ್ಡ ಹಾಕಿದ್ದ ಗೇಟಿನ ಹತ್ತಿರ ಮೂರು ಗುಂಡು ಹೊಡೆದು ಕೊಂದ. ನವೆಂಬರಿನಲ್ಲಿ ಜ್ಯೂರಿ, ಮೊಕದ್ದಮೆ ಹೂಡುವಷ್ಟು ಸಾಕ್ಷಿಯಿಲ್ಲ ಎಂದು ಟೇಟನನ್ನು ಮನೆಗೆ ಕಳಿಸಿತು.

ಮರುದಿನ ಬೆಳಿಗ್ಗೆ ಟೇಟ್ ಅದೇ ಬಂದೂಕು ಹಿಡಿದು ಓರ್ಫಾ ನೇಪಿಯರಳ ರಿಪೇರಿ ಅಂಗಡಿಗೆ ಬಂದ. ಕೆಂಟಕಿಯ ಆ ಕಣಿವೆಯಲ್ಲಿ ಬಂದೂಕು ರಿಪೇರಿಗೆ ಬೇರೆ ಗತಿಯಿರಲಿಲ್ಲ. ಶನಿವಾರದಿಂದ ಜಿಂಕೆ ಬೇಟೆ.

ಬಂದೂಕು ಇನ್ನೂ ಪೊಲೀಸರ ಚೀಲದಲ್ಲಿತ್ತು. ಚೀಲದ ಬಾಯಿಗೆ ಕೆಂಪು ಟೇಪು, ಅದರ ಮೇಲೆ ಮೇ ತಿಂಗಳ ತಾರೀಖು. ಆರು ತಿಂಗಳಲ್ಲಿ ಒಬ್ಬ ಪುಣ್ಯಾತ್ಮನೂ ಅದನ್ನು ಕತ್ತರಿಸಿರಲಿಲ್ಲ. ಹೊಡೆದವನೇ ಹೊಡೆದೆ ಅಂದಮೇಲೆ ಬಿಚ್ಚಿ ನೋಡುವ ಶ್ರಮ ಯಾರಿಗೆ ಬೇಕು? ಹೆದರಿಕೆಯಿಂದ ಬೆರಳು ನಡುಗಿತು, ರೆಪ್ಪೆ ಮುಚ್ಚಿ ತೆಗೆಯುವಷ್ಟರಲ್ಲಿ ಮೂರೂ ಹಾರಿಹೋದವು ಎಂದಿದ್ದ ಟೇಟ್. ವರ್ಜಿಲನ ಕೈಯಲ್ಲಿದ್ದದ್ದು ಪ್ಲಾಸ್ಟಿಕ್ ಹೂವಿನ ಬಕೆಟ್ಟು. ಜ್ಯೂರಿಯ ಮಹನೀಯರಿಗೆ ಆ ಬಕೆಟ್ಟು ಭಯಂಕರವಾಗಿ ಕಂಡಿತ್ತು. ಹೊಸ ಸಾಕ್ಷಿ ಸಿಕ್ಕರೆ ಮತ್ತೆ ಕೂರೋಣ ಎಂದು ಬಾಯಿಮಾತಿಗೆ ಹೇಳಿ ಎದ್ದುಹೋಗಿದ್ದರು.

ಒಲೆಯ ಪಕ್ಕ ಕಾಫಿ ಹೀರುತ್ತಿದ್ದ ಹೆಟ್ಟಿ ಅಜ್ಜಿ ಲೋಟ ಕೆಳಗಿಟ್ಟಳು. ಗೇಟಿನ ಎದುರಿನ ಮನೆ ಅವಳದು.

"ಓರ್ಫಾ, ಇವನ ಬಂದೂಕು ಮುಟ್ಟಿದ್ರೆ ನಿನ್ನ ಕಾಫಿ ನಂಗೆ ಬೇಡ."

"ಓ, ಬಟ್ಟೆ ಹಿಂಡೋ ಅಜ್ಜಿ," ಎಂದು ಟೇಟ್ ನಕ್ಕ. "ಒಂದೊಂದು ಗುಂಡಿನ ಮಧ್ಯೆಯೂ ಒಂದೊಂದು ಅಂಗಿ ಹಿಂಡಿದೆ ಅಂತ ಜ್ಯೂರಿ ಮುಂದೆ ಹೇಳಿದ್ದು ನೀನೇ ಅಲ್ವಾ? ಬೆಟ್ಟದ ಮಾರ್ದನಿ ಅಜ್ಜೀ ಅದು. ಕಿವಿ ತೋರಿಸ್ಕೋ."

ಗಿರಾಕಿ ಯಾರೇ ಆಗಲಿ, ಏನು ಕೆಟ್ಟಿದೆ, ಯಾವಾಗಿನಿಂದ ಎಂದು ಅವರೇ ಕೈಯಾರೆ ಬರೆದು ಸಹಿ ಹಾಕದೆ ಓರ್ಫಾ ಬಂದೂಕು ಮುಟ್ಟುವವಳಲ್ಲ. ಗಂಡನ ಕಾಲದಿಂದ ನಡೆದುಬಂದ ಪದ್ಧತಿ. ರಟ್ಟಿನ ಚೀಟಿಯನ್ನೂ ಪೆನ್ಸಿಲನ್ನೂ ಮುಂದೆ ತಳ್ಳಿದಳು.

ಟೇಟ್ ನಾಲಿಗೆ ಕಚ್ಚಿಕೊಂಡು ಮಗ್ಗಿ ಬರೆಯುವವನ ಹಾಗೆ ಬರೆದ: 'ಏಪ್ರಿಲ್‌ನಲ್ಲಿ ಈಸ್ಟರ್ ವಾರ ಸ್ಪ್ರಿಂಗು, ಬೋಲ್ಟು, ಗ್ಯಾಸಿನ ಕಿಂಡಿ ಎಲ್ಲ ಹೊಸದು ಹಾಕಿದೆ. ಅವತ್ತಿನಿಂದ ಎರಡನೇ ಗುಂಡು ತಾನಾಗಿ ತುಂಬ್ತಿಲ್ಲ.' ಸಹಿಯನ್ನು ಮಾತ್ರ ಗವರ್ನರನಷ್ಟು ದೊಡ್ಡದಾಗಿ ಹಾಕಿದ.

ಓರ್ಫಾ ಚೀಟಿಯನ್ನು ಎರಡು ಸಲ ಓದಿದಳು. ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

"ಮೂರು ಬಿಡಿಭಾಗಾನೂ ಒಂದೇ ಸಲ ಹಾಕಿದ್ಯಾ ಮಗಾ?"

"ಫೋಟೋಗೆ ಚೆನ್ನಾಗಿ ಕಾಣ್ಲಿ ಅಂತ. ಗೇಟಲ್ಲಿ ನಿಂತ್ರೆ ಒಂದು ಗತ್ತು ಬೇಡ್ವಾ ಅಮ್ಮಾವ್ರೇ?"

ಒಂದು ಬಿಡಿಭಾಗ ಹಾಕು, ಹೊಡೆದು ನೋಡು, ಆಮೇಲೆ ಇನ್ನೊಂದು. ಈ ಕಣಿವೆಯಲ್ಲಿ ಹಾಲುಹಲ್ಲು ಬೀಳುವ ಮೊದಲೇ ಕಲಿಯುವ ಪಾಠ. ಟೇಟ್ ಬಂದೂಕನ್ನು ಮದುವೆಹೆಣ್ಣಿನ ಹಾಗೆ ಸಿಂಗರಿಸಿದ್ದ. ಹೆಣ್ಣಿಗೆ ಉಸಿರಾಡಲು ಆಗುತ್ತಿರಲಿಲ್ಲ, ಅಷ್ಟೇ.

ಓರ್ಫಾ ಚಾಕುವಿನಿಂದ ಟೇಪು ಕತ್ತರಿಸಿದಳು. "ಹೆಟ್ಟಿ, ನೋಡ್ತಾ ಇರು," ಎಂದಳು.

"ನೋಡೋಕೇನಿದೆ ನಾಚಿಕೆಗೆಟ್ಟವಳೇ," ಎಂದಳು ಹೆಟ್ಟಿ. ಆದರೂ ಹಿತ್ತಲಿನ ಮರಳಿನ ದಿಬ್ಬದವರೆಗೆ ಅವರ ಹಿಂದೆಯೇ ಬಂದಳು.

ಚೀಲದಲ್ಲಿ ತೋಟಾ ತುಂಬುವ ಅಂದಿನ ಮ್ಯಾಗಜೀನೂ ಇತ್ತು, ಉಳಿದ ತೋಟಾಗಳೂ ಇದ್ದವು. ಅದನ್ನೇ ಸಿಕ್ಕಿಸಿ ಓರ್ಫಾ ಟ್ರಿಗರ್ ಒತ್ತಿದಳು. ಒಂದು ಗುಂಡು ಹಾರಿತು. ಮತ್ತೆ ಒತ್ತಿದಳು. ಏನೂ ಇಲ್ಲ. ಸಿಡಿದ ತೋಟಾದ ಗ್ಯಾಸು ಬೋಲ್ಟನ್ನು ಹಿಂದಕ್ಕೆ ತಳ್ಳಬೇಕು, ಆಗ ತಾನೇ ಅದು ಮುಂದೆ ಬರುವಾಗ ಹೊಸ ತೋಟಾ ಹೊತ್ತು ತರುವುದು. ಇಲ್ಲಿ ಬೋಲ್ಟು ಅರ್ಧ ದಾರಿಗೆ ಹೋಗಿ, ಕೆಲಸಗಳ್ಳ ಆಳಿನ ಹಾಗೆ ಬರಿಗೈಯಲ್ಲಿ ವಾಪಸಾಗುತ್ತಿತ್ತು.

"ತೋಟಾ ಸರಿಯಿಲ್ಲ," ಎಂದ ಟೇಟ್.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಓರ್ಫಾ ತನ್ನ ತೋಟಾ ಹಾಕಿದಳು. ಒಂದು ಹಾರಿತು, ನಿಂತಿತು.

"ಮ್ಯಾಗಜೀನ್ ಇರ್ಬೇಕು."

ಬೇರೆ ಮ್ಯಾಗಜೀನು. ಒಂದು ಹಾರಿತು, ನಿಂತಿತು. ಎಣ್ಣೆ ಬಿಟ್ಟಳು. ಟೇಟನ ಕೈಗೇ ಕೊಟ್ಟು ಹೊಡೆಸಿದಳು. ಹತ್ತು ಸಲ ಹೊಡೆದ. ಹತ್ತು ಸಲವೂ ಒಂದು ಹಾರಿತು, ನಿಂತಿತು.

"ತೋಟಾದ ತಪ್ಪಿಲ್ಲ, ಮ್ಯಾಗಜೀನಿನ ತಪ್ಪಿಲ್ಲ, ಎಣ್ಣೆಯ ತಪ್ಪೂ ಇಲ್ಲ," ಎಂದಳು ಓರ್ಫಾ ನಿಧಾನವಾಗಿ. "ಮನುಷ್ಯ ಹಾಕಿದ್ದರ ತಪ್ಪು. ಗ್ಯಾಸಿನ ಕಿಂಡಿ ಚಿಕ್ಕದು, ಸ್ಪ್ರಿಂಗು ಗಡುಸು. ಈಸ್ಟರ್‌ನಿಂದಲೂ ಹೀಗೇನಾ ಮಗಾ? ಒಂದ್ಸಲಾನೂ ಸರಿಯಾಗಿ ನಡೀಲಿಲ್ವಾ?"

"ಒಂದ್ಸಲಾನೂ ಇಲ್ಲ. ಪ್ರತಿ ಗುಂಡಿಗೂ ಹೀಗೆ ಎಳ್ಕೋಬೇಕು." ಬಂದೂಕನ್ನು ಭುಜದಿಂದ ಇಳಿಸಿ, ಹಿಂದಿನ ಹಿಡಿಯನ್ನು ಕಿವಿಯವರೆಗೆ ಜಗ್ಗಿ ಬಿಟ್ಟು, ಮತ್ತೆ ಭುಜಕ್ಕೇರಿಸಿ, ಗುರಿ ಹಿಡಿದು ತೋರಿಸಿದ. "ಜಿಂಕೆ ಕಾಯ್ತಾ ನಿಂತಿರುತ್ತಾ, ಹೇಳಿ? ರಗಳೆ."

ಹೆಟ್ಟಿ ಥೂ ಎಂದು ಉಗಿದಳು. "ವರ್ಜಿಲ್‌ನ ಕೊಂದವನ ಬೇಟೆಗೆ ನೀನು ಸ್ಪ್ರಿಂಗು ಜೋಡಿಸ್ತೀಯಾ ಓರ್ಫಾ? ಅವನ ತಾಯಿ ಗೋರಿ ಮೇಲೆ ಹುಲ್ಲು ಹಾಗೇ ಬೆಳೆದಿದೆ."

ಒಳಗೆ ಬಂದು ಓರ್ಫಾ ಬಂದೂಕನ್ನು ಕಬ್ಬಿಣದ ಹಿಡಿಕಟ್ಟಿಗೆ ಸಿಕ್ಕಿಸಿ ತಿರುಪು ಬಿಗಿದಳು.

"ಸಂಜೆಯೊಳಗೆ ಹಳೇ ಸ್ಪ್ರಿಂಗ್ ಹಾಕಿ ಮುಗಿಸಿ," ಎಂದ ಟೇಟ್. "ಎರಡನೇದು ತಾನಾಗಿ ತುಂಬಬೇಕು. ಅಷ್ಟೇ ನಂಗೆ ಬೇಕಾದ್ದು."

ಓರ್ಫಾ ಹೆಟ್ಟಿಯ ಕಡೆ ತಿರುಗಿದಳು. "ಅವತ್ತು ಎಷ್ಟು ಅಂಗಿ ಹಿಂಡಿದೆ ಅಂದೆ?"

"ಮೊದಲನೇ ಗುಂಡಾದ್ಮೇಲೆ ಒಂದು, ಎರಡನೇದಾದ್ಮೇಲೆ ಇನ್ನೊಂದು. ಯಾರು ನಂಬಿದ್ರು?"

ನಿಧಾನಕ್ಕೆ ಟೇಟನ ಕಣ್ಣು ಓರ್ಫಾಳ ಏಪ್ರನ್ನಿನ ಜೇಬಿಗೆ ಇಳಿಯಿತು.

"ಆ ಚೀಟಿ ಕೊಡಿ. ಈಗಲೇ ಬಿಚ್ಚಿ ಆ ಸ್ಪ್ರಿಂಗನ್ನ."

"ಚೀಟೀನೂ ಕೊಡೋದಿಲ್ಲ, ಸ್ಪ್ರಿಂಗೂ ಬಿಚ್ಚೋದಿಲ್ಲ," ಎಂದಳು ಓರ್ಫಾ. "ವರ್ಜಿಲ್‌ಗೆ ಒಂದು ಹೊಡೆದ ಮೇಲೆ ಎರಡು ಸಲ ಇಳಿಸಿ, ಎಳೆದು, ಗುರಿ ಹಿಡಿದವನ ಕೈ ಎಷ್ಟು ನಡುಗ್ತಿತ್ತು ಅಂತ ಜ್ಯೂರಿ ನೋಡೋ ತನಕ ಈ ಬಂದೂಕು ಕೆಟ್ಟೇ ಇರುತ್ತೆ ಮಗಾ."