ಹಲಗೆಯ ಮೊದಲ ಎರಡು ಸಾಲು

ಬ್ಲೇಡನ್ನು ಮೊದಲ ಹೆಸರಿನ ಮೇಲೆ ಎಳೆಯುತ್ತಿದ್ದಂತೆ ಹೊಂಬಣ್ಣದ ಪುಡಿ ಕೆಳಗೆ ನಿಂತಿದ್ದ ಮುದುಕರ ಹೆಗಲ ಮೇಲೆ ಉದುರಿತು. "ಅದು ನಾನೇ ಕಣಪ್ಪ," ಎಂದರು ಅವರು. "ಈ ಸ್ಕ್ವಾಷ್ ಟೂರ್ನಿ ಶುರುವಾದ ವರ್ಷ ಗೆದ್ದವನು."

ಏಣಿಯ ಮೇಲಿದ್ದ ಪೇಂಟರ್ ಕೈ ತಡೆದ. ವಿಜೇತರ ಹಲಗೆ ತುಂಬಿಹೋಗಿತ್ತು, ಗೋಡೆಯಲ್ಲಿ ಇನ್ನೊಂದಕ್ಕೆ ಜಾಗವಿರಲಿಲ್ಲ. ಸಂಜೆ ಫೈನಲ್ ಗೆಲ್ಲುವವರಿಗೂ ಮುಂದಿನ ವರ್ಷಗಳವರಿಗೂ ಜಾಗವಾಗಲೆಂದು ಹಳೆಯ ಹತ್ತು ಹೆಸರು ಅಳಿಸುವಂತೆ ಕ್ಲಬ್ಬಿನ ಮ್ಯಾನೇಜರ್ ಚೀಟಿ ಕೊಟ್ಟಿದ್ದರು. "ತಪ್ಪು ತಿಳ್ಕೋಬೇಡಿ ಅಜ್ಜ, ನಾನು ಕೂಲಿಯವನು."

"ನಂದು ಹೋದ್ರೆ ಹೋಗ್ಲಿ ಬಿಡು, ಹೇಳ್ಕೊಳ್ಳೋಕೆ ಬಾಯಿ ಇನ್ನೂ ಇದೆ. ಅದರ ಕೆಳಗಿಂದು ನನ್ನ ತಮ್ಮಂದು. ಮರುವರ್ಷ ನನ್ನನ್ನೇ ಸೋಲಿಸಿದ, ಕಳ್ಳ. ಆರು ತಿಂಗಳಿಗೇ ತೀರಿಹೋದ. ಅವನ ಹೆಸರು ಇನ್ನೆಲ್ಲೂ ಬರೆದಿಲ್ಲ."

"ಮ್ಯಾನೇಜರನ್ನ ಒಂದ್ಮಾತು ಕೇಳಿ ನೋಡಿ."

"ಅಲ್ಲಿಂದಲೇ ಬಂದೆ. ಒಬ್ಬರದು ಬಿಟ್ರೆ ಎಲ್ಲರದೂ ಬಿಡ್ಬೇಕಂತೆ. ಸರಿಯಾಗೇ ಹೇಳಿದ್ರು."

ಪೇಂಟರ್ ಮೊದಲ ಹೆಸರನ್ನು ಕೆರೆದು ಮುಗಿಸಿದ. ಎರಡನೆಯ ಹೆಸರಿನತ್ತ ಬಾಗಿದಾಗ ಏಣಿ ಅಲುಗಿತು. ಮುದುಕರು ಕೋಲನ್ನು ಗೋಡೆಗೆ ಒರಗಿಸಿ, ಎರಡೂ ಕೈಯಿಂದ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಬೀಳ್ಬೇಡ ಮತ್ತೆ," ಎಂದರು. "ಹೂಂ, ಈಗ ಕೆರಿ."