ಪರಿಚಯವಿಲ್ಲದ ಮರಿಗಳು

ಒಂಬತ್ತನೆಯ ಮರಿಯೂ ಬಿಳಿಯದೇ ಹೊರಬಿತ್ತು. ಅದರ ಮೂಗಿನ ಲೋಳೆಯನ್ನು ಸೆರಗಿನಿಂದ ಒರೆಸಿ, ಕಪ್ಪು ತಾಯಿಹಂದಿಯ ಮೊಲೆಗೆ ಹಚ್ಚಿ, ಚಂದವ್ವ ಹಿಗ್ಗಿನಿಂದ ತಿರುಗಿ ನೋಡಿದಳು. ಡಾಕ್ಟರ್ ಪ್ರಫುಲ್ಲಾ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ತಲೆ ಹಿಡಿದುಕೊಂಡಿದ್ದಳು.

"ಡಾಕ್ಟರ್‌ಬಾಯಿ, ಒಂಬತ್ತು! ಎಲ್ಲಾ ಜೀವಂತ ಅವ. ಪೇಢೆ ಹಂಚೋದು ಬಿಟ್ಟು ಹಿಂಗ್ಯಾಕ ಕುಂತೀರಿ?"

"ಇದು ಈಯಲೇಬಾರದಿತ್ತು ಮಾರಾಯ್ತಿ."

ಮುಂಬಯಿ ಬಳಿ, ಕಲ್ಯಾಣದಾಚೆಯ ಆ ಸಂಶೋಧನಾ ಫಾರಂನಲ್ಲಿ, ವಿಲಾಯತಿ ಬಿಳಿ ಹಂದಿಯ ಗರ್ಭದಿಂದ ತೆಗೆದ ಭ್ರೂಣಗಳನ್ನು ಎರಡು ಕಪ್ಪು ನಾಡಹಂದಿಗಳ ಹೊಟ್ಟೆಗೆ ಸೇರಿಸಿದ್ದರು. ಯಾಕೆ ಎಂದು ಪ್ರಫುಲ್ಲಾ ಒಂದು ದಿನ ಬುತ್ತಿ ಬಿಚ್ಚಿ ಕೂತಾಗ ಚಂದವ್ವನಿಗೆ ಬಿಡಿಸಿ ಹೇಳಿದ್ದಳು. ತಾಯಿಯ ಮೈ ತನ್ನದಲ್ಲದ್ದನ್ನು ರೋಗ ಎಂದೇ ತಿಳಿದು ಹೊರಗೆ ನೂಕುತ್ತದೆ. ಹೊಟ್ಟೆಯ ಮರಿಯಲ್ಲಿ ಅರ್ಧ ತಂದೆಯದು. ಆದರೂ ನೂಕುವುದಿಲ್ಲ, ಕೂಡುವಾಗಲೇ ಮೈಗೆ ಅವನ ಗುರುತು ಸಿಕ್ಕಿರುತ್ತದೆ, ಅದಕ್ಕೇ ಇರಬೇಕು. ಈ ಕಪ್ಪು ಹಂದಿಗಳಿಗೋ ಮರಿಗಳ ತಂದೆಯೂ ಗೊತ್ತಿಲ್ಲ, ತಾಯಿಯೂ ಗೊತ್ತಿಲ್ಲ, ಬರುವ ಮರಿಗಳು ಪೂರ್ತಿ ಪರಕೀಯರು. ಹಾಗಾಗಿ ಭ್ರೂಣ ಸೇರಿಸುವ ಮುಂಚೆ ಒಂದು ಹಂದಿಯ ಜೊತೆ ತಂದೆಹಂದಿಯ ತಮ್ಮನನ್ನು, ಎಂದರೆ ಮರಿಗಳ ಚಿಕ್ಕಪ್ಪನನ್ನು, ಬಿಡುವುದು. ಅವನಿಗೆ ಆಪರೇಷನ್ ಆಗಿದೆ. ಕೂಡಿದರೂ ಮರಿ ಹುಟ್ಟದು, ಪರಿಚಯ ಮಾತ್ರ. ಇನ್ನೊಂದನ್ನು ಗೋಡೆಯಾಚೆ ಒಂಟಿಯಾಗಿ ಇಡುವುದು. ಯಾರ ಹೊಟ್ಟೆಯಲ್ಲಿ ಮರಿ ನಿಲ್ಲುತ್ತದೆ, ನೋಡುವುದು.

ಪರಿಚಯವಾದವಳು ನಿನ್ನೆ ಎಂಟು ಈದಿದ್ದಳು. ಈಗ ಒಂಟಿಯಾಗಿದ್ದವಳು ಒಂಬತ್ತು. "ಈ ಜೋಡಿಯಲ್ಲಿ ವ್ಯತ್ಯಾಸ ಕಂಡರೆ ಇನ್ನಷ್ಟು ಹಂದಿ ಕೊಡುತ್ತೇನೆ, ಕಾಣದಿದ್ದರೆ ಮುಚ್ಚಿಬಿಡಿ" ಎಂದಿದ್ದ ಮುಖ್ಯಸ್ಥರು ಮಧ್ಯಾಹ್ನ ಬರುವವರಿದ್ದರು.

ಬಿಸಿನೀರು ಹೊತ್ತು ತಂದ ಫಾರಂ ಆಳು ಶಿವರಾಯ ಮರಿಗಳನ್ನು ನೋಡಿ ಹಲ್ಲು ಕಿರಿದ. "ಚಿಕ್ಕಪ್ಪಗ ಸುದ್ದಿ ಮುಟ್ಟಸ್ಲೇನ್ರಿ ಬಾಯಿ? ಪಾಪ, ಆಪರೇಷನ್ ಮಾಡಿಸ್ಕೊಂಡಾನ, ಆಪರೇಷನ್ ಆದ ಗಂಡಸರಿಗೆ ಸರ್ಕಾರದೋರು ಕೊಡೋ ಟ್ರಾನ್ಸಿಸ್ಟರ್ ರೇಡಿಯೋ ಅವಗ ಇನ್ನೂ ಕೊಟ್ಟಿಲ್ಲ!"

"ಹೋಗೋ, ಬಂದ ದೊಡ್ಡ ಶಾಣ್ಯಾ," ಎಂದು ಚಂದವ್ವ ಅವನನ್ನು ಅಟ್ಟಿದಳು. ಆದರೆ ಮರಿ ಒರೆಸುತ್ತಿದ್ದ ಅವಳ ಕೈ ನಿಂತಿತ್ತು.

"ಎಲ್ಲ ಸುಳ್ಳಾಯ್ತು, ಚಂದವ್ವ. ಸಾಹೇಬರಿಗೆ ಹಾಗೇ ಹೇಳ್ತೇನೆ. ಪರಿಚಯ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ." ಎಂದಳು ಪ್ರಫುಲ್ಲಾ.

"ಸುಳ್ಳಾಗಿಲ್ರಿ." ಚಂದವ್ವ ನೆಲ ನೋಡುತ್ತ ಹೇಳಿದಳು. "ಇಕಿ ಒಬ್ಬಾಕಿ ಇರಲಿಲ್ಲ. ಚಿಕ್ಕಪ್ಪನ್ನ ನಾನ ಕರ್ಕೊಂಡು ಬಂದು ಒಳಗ ಬಿಟ್ಟೆ."

"ಎಂಥದು? ಯಾವಾಗ?"

"ಮಗೂಗ ಜ್ವರ ಅಂತ ನೀವು ಡೊಂಬಿವಿಲಿ ಮನಿಗಿ ಲಗೂ ಹ್ವಾದ್ರಲ್ಲ, ಅವತ್ತ. ಇಕಿ ಬೆದಿಗಿ ಬಂದು ಗ್ವಾಡಿಗಿ ಮೂತಿ ಹಚ್ಚಿ ಒದರ್ತಿದ್ದಳು."

ಪ್ರಫುಲ್ಲಾ ಎದ್ದು ನಿಂತಳು. ಬಕೆಟ್ಟು ಉರುಳಿತು. "ನಿನಗೆ ತಲೆ ಉಂಟಾ? ಇದನ್ನು ಒಂಟಿಯಾಗಿ ಇಡಬೇಕು ಅಂತ ನಾನು ಎಷ್ಟು ಸಲ ಹೇಳಿದ್ದೆ!"

"ಹೇಳಿದ್ರಿ. ನೀವು ಹೇಳಿದ್ದಕ್ಕ ಮಾಡೀನ್ರಿ." ಈಗ ಚಂದವ್ವ ತಲೆಯೆತ್ತಿದಳು. "ಮದಿವಿ ಮಾಡಿ ನನ್ನನ್ನ ಊರಿಂದ ತಂದು ದಿವಾ ಟೇಶನ್ನಾಗ ಇಳಿಸಿದಾಗ ಗಂಡನ ಮಾರಿ ಸುದ್ದಾ ನೆಟ್ಟಗ ನೋಡಿರಲಿಲ್ಲ. ಮಂದಿ ತಿಳೀಲಿಲ್ಲ, ಮಾತು ತಿಳೀಲಿಲ್ಲ, ನೀರು ಹತ್ತಲಿಲ್ಲ. ಮೊದಲನೇದು ಹೊಟ್ಟ್ಯಾಗ ನಿಲ್ಲಲಿಲ್ರಿ. ನಂದ ಕೆಟ್ಟ ಹೊಟ್ಟಿ ಅಂತ ಅತ್ತಿ ಬೈದಳು. ಆಮ್ಯಾಲ ಮೂರು ಹಡದೆ, ಆದ್ರೂ ಆ ಮಾತು ಒಳಗ ಕುಂತಿತ್ತು. ಗುರ್ತಿಲ್ಲದ್ದನ್ನ ಮೈ ಹೊರಗ ನೂಕ್ತದ ಅಂತ ನೀವು ಹೇಳಿದ್ರಲ್ಲ, ಆ ದಿನ ಅದು ಬಿಟ್ಟು ಹ್ವಾತು. ತಿಳಿದ ಮ್ಯಾಲ ಇಕಿನ್ನ ಹ್ಯಾಂಗ ಒಬ್ಬಾಕಿನ್ನ ಬಿಡ್ಲಿ, ನೀವ ಹೇಳ್ರಿ?"

ಅದು ಹಾಗಲ್ಲ, ಹಂದಿಗೇ ಇನ್ನೂ ಸಾಬೀತಾಗಿಲ್ಲ, ಮನುಷ್ಯರ ಮಾತು ಬೇರೆ ಎಂದು ಹೇಳಲು ಪ್ರಫುಲ್ಲಾ ಬಾಯಿ ತೆರೆದಳು. ಆದರೆ ಉರುಳಿದ್ದ ಬಕೆಟ್ಟನ್ನು ಎಳೆದುಕೊಂಡು ಚಂದವ್ವನ ಪಕ್ಕದಲ್ಲೇ ಕೂತಳು. ಹಂದಿ ಗುರು ಗುರು ಎನ್ನುತ್ತ ಹಾಲು ಬಿಡುತ್ತಿತ್ತು.

"ಸಾಹೇಬ್ರು ಬಂದ್ರ ನಾನ ಒಪ್ಕೋತೀನ್ರಿ. ಕೆಲಸ ಹ್ವಾದ್ರ ಹೋಗಲಿ. ನಿಮ್ಮ ಮಾತು ಸುಳ್ಳಾಗಬಾರದು."

"ನೀನು ಸುಮ್ಮನಿರು. ಮಗುವಿನ ಜ್ವರದ ಗಡಿಬಿಡಿಯಲ್ಲಿ ಚಿಲಕ ಹಾಕಲಿಕ್ಕೆ ಮರೆತೆ ಅಂತ ನಾನು ಹೇಳ್ತೇನೆ. ನಂಬ್ತಾರೆ. ಹೆಂಗಸರಿಗೆ ಯಾಕೆ ಈ ಕೆಲಸ ಅಂತ ಒಂದು ಗಂಟೆ ಬೈತಾರೆ. ಬೈದುಕೊಳ್ಳಲಿ."

ಕೊನೆಯ ಮರಿಗೆ ಮೊಲೆ ಸಿಗದೆ ಅದು ಅಣ್ಣಂದಿರ ಮೇಲೆ ಹತ್ತಿ ಬೀಳುತ್ತಿತ್ತು. ಚಂದವ್ವ ಒಂದನ್ನು ಸರಿಸಿ ಅದಕ್ಕೆ ಜಾಗ ಮಾಡಿಕೊಟ್ಟಳು. ಪ್ರಫುಲ್ಲಾಳಿಗೆ ಸಿಟ್ಟಿನ ನಡುವೆಯೇ ನಗು ಬಂತು.

"ಆದರೆ ಕೇಳು, ಚಂದವ್ವ. ಎಲ್ಲ ಮೊದಲಿಂದ ಮತ್ತೆ ಮಾಡಬೇಕು. ಮತ್ತೆ ಒಂದನ್ನು ಒಂಟಿಯಾಗಿ ಇಡಲೇಬೇಕು. ಇಡದೆ ಗೊತ್ತಾಗುವುದಿಲ್ಲ. ಆಗ ಏನು ಮಾಡ್ತಿ?"

ಚಂದವ್ವ ಆ ಮರಿಯ ಬೆನ್ನು ಸವರಿದಳು.

"ಇಡ್ರಿ ಬಾಯಿ. ನಿಮ್ಮ ಕೆಲಸ ಅದ, ನಾ ಬ್ಯಾಡ ಅನ್ನಲ್ಲ. ಆ ದಿನ ಅಷ್ಟು ನನಗ ಸೂಟಿ ಕೊಡ್ರಿ."