ಓಣಿಗೆ ಬಂದ ನೋವು

ಆ ಕಾಲದಲ್ಲಿ ಸಾಯುವವನ ಕೊನೆಯ ನೋವು ಓಣಿಯ ಎಲ್ಲರ ಮೈಗೂ ಬರುತ್ತಿತ್ತು. ಅದಕ್ಕೇ ಕುಡಿದು ಕೆಟ್ಟವರನ್ನು ಸಾಯುವ ಮೊದಲೇ ಊರಾಚೆ ಬಿಟ್ಟುಬರುತ್ತಿದ್ದರು. ಕಾಶವ್ವನ ಮಗ ಹಾಗೆಯೇ ಬಯಲಲ್ಲಿ ಸತ್ತ. ಓಣಿಯಲ್ಲೇ ಇದ್ದ ಹೆತ್ತವಳಿಗೆ ಮುಳ್ಳು ಚುಚ್ಚಿದಷ್ಟೂ ನೋವಾಗಲಿಲ್ಲ.

ಒಂದು ದಿನ, ಕುಡಿದು ಸಾಯಲು ಬಿದ್ದ ಪಕ್ಕದ ಮನೆಯ ಫಕೀರಪ್ಪನನ್ನು ಗಾಡಿಗೆ ಹೇರುತ್ತಿದ್ದಾಗ ಕಾಶವ್ವ ಅಡ್ಡ ಬಂದಳು.

“ಇಂವನ್ನ ನನ್ನ ಮನ್ಯಾಗ ಮಲಗಸ್ರಿ.”

“ಹುಚ್ಚು ಹಿಡದೈತೇನಬೇ? ಓಣಿ ಮಂದಿಯೆಲ್ಲಾ ನರಳಬೇಕೇನು?” ಎಂದ ಸಾರಾಯಿ ಅಂಗಡಿಯ ಇರಸಂಗಪ್ಪ.

“ಮಂದೀನ ಸಾಗಸಿ ಸಾಗಸಿ ಸಾಕಾತು. ನಿನ್ನ ಅಂಗಡಿ ಮಾತ್ರ ಇಲ್ಲೇ ಉಳೀತು ನೋಡಪಾ.”

ಗಾಡಿ ಹಿಡಿದವರು ಕೈಬಿಟ್ಟು, ಫಕೀರಪ್ಪನನ್ನು ಕಾಶವ್ವನ ಮನೆಯೊಳಗೆ ಮಲಗಿಸಿದರು.

ದೇವರ ದೀಪ ಹಚ್ಚುವ ಹೊತ್ತಿಗೆ ಫಕೀರಪ್ಪ ತೀರಿಕೊಂಡ. ಓಣಿಯೆಲ್ಲ ಹೊಟ್ಟೆ ಹಿಡಿದು ಚೀರಿತು. ಎಲ್ಲರಿಗಿಂತ ಜೋರಾಗಿ ಇರಸಂಗಪ್ಪ ಚೀರಿದ. ಕಾಶವ್ವ ಚೀರಲಿಲ್ಲ. ಸತ್ತವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಶಿವನೇ, ನನ್ನ ಕೂಸಿಗೂ ಇಷ್ಟ ನೋವಾಗಿತ್ತೇನೋ?” ಎಂದು ಕೇಳಿದಳು.